ಹಳೇ ಕಾರಿನ ಪಾಯಿಂಟ್ ಮತ್ತು ಟೈಮಿಂಗ್: ನಮ್ಮ ಕರಾವಳಿಗೆ ಯಾವ ದಾರಿ ಸರಿ?

ಪತ್ತನಾಜೆ (ಮಳೆಗಾಲಕ್ಕೆ ಸ್ವಲ್ಪ ಮೊದಲು ಬರುವ ತುಳುವರ ವಿಶೇಷ ದಿನ) ಹತ್ತಿರ ಬರುತ್ತಿದ್ದ ಹಾಗೆ ಮಂಗಳೂರು, ಉಡುಪಿ ಕಡೆಯ ಹಳೇ ಕಾರಿನವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಮೊನ್ನೆಯಷ್ಟೇ ಪಾಯಿಂಟ್ ಸೆಟ್ ಮಾಡಿಸಿದ್ದು ಮಾರಾಯ್ರೆ, ಮತ್ತೆ ಮಿಸ್ಸಿಂಗ್. ಎಲೆಕ್ಟ್ರಾನಿಕ್ ಕಿಟ್ ಹಾಕಿಸಿಬಿಡುವುದಾ, ಅಲ್ಲ ಹೀಗೇ ಓಡಿಸುವುದಾ?" ಪಾಯಿಂಟ್ ಎಂದರೆ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚುವ ಸಣ್ಣ ಸ್ವಿಚ್ಚು, ಮಿಸ್ಸಿಂಗ್ ಎಂದರೆ ಸ್ಪಾರ್ಕ್ ತಪ್ಪಿ ಇಂಜಿನ್ ಮುಗ್ಗರಿಸುವುದು. ಇನ್ನು ಕೆಲವರದು ಬೇರೆ ಗೊಂದಲ. ಪಾಯಿಂಟ್ ತಾವೇ ಸೆಟ್ ಮಾಡಲು ಕಲಿಯುವ ಆಸೆ ಇದೆ. ಆದರೆ ಪಾಯಿಂಟ್ ತೆರೆದಾಗಿನ ಗ್ಯಾಪ್ ಅಳೆಯುವ ತೆಳು ಬ್ಲೇಡುಗಳ ಫೀಲರ್ ಗೇಜ್ ಒಂದು ಸಾಕಾ, ಡ್ವೆಲ್ ಮೀಟರ್, ಟೈಮಿಂಗ್ ಲೈಟ್ ಎಲ್ಲ ಕೊಳ್ಳಬೇಕಾ ಎಂದು ಗೊತ್ತಾಗುವುದಿಲ್ಲ.

ಇಲ್ಲಿ ನನ್ನ ಕಣ್ಣಮುಂದಿರುವುದು ನಮ್ಮಲ್ಲಿ ಇನ್ನೂ ಓಡುತ್ತಿರುವ ಮೂರು ಗಾಡಿಗಳು: 1489 ಸಿಸಿ ಪೆಟ್ರೋಲ್ ಅಂಬಾಸಿಡರ್, 1089 ಸಿಸಿ ಪದ್ಮಿನಿ, ಹರಿಕೇನ್ ಇಂಜಿನ್‌ನ ಪೆಟ್ರೋಲ್ ಜೀಪು. ಮೂರಕ್ಕೂ ನಾಲ್ಕು ಸಿಲಿಂಡರ್, ಮೂರರದ್ದೂ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಸ್ಪಾರ್ಕ್ ಹೋಗುವ ಸರದಿ) 1-3-4-2. ಡೀಸೆಲ್ ಅಂಬಾಸಿಡರ್ ಇರುವವರಿಗೆ ಈ ತಲೆಬಿಸಿಯೇ ಇಲ್ಲ, ಅದಕ್ಕೆ ಸ್ಪಾರ್ಕ್ ಬೇಡ.

ಕೆಲಸ ಹೇಗೆ ನಡೆಯುತ್ತದೆ ಎಂಬುದು ಗೊತ್ತಿದ್ದರೆ ಆಯ್ಕೆ ಸುಲಭ. ಪಾಯಿಂಟ್ ಮುಚ್ಚಿರುವಾಗ, ಸ್ಪಾರ್ಕ್‌ಗೆ ಬೇಕಾದ ಹೆಚ್ಚು ವೋಲ್ಟೇಜ್ ಮಾಡಿಕೊಡುವ ಕಾಯಿಲ್‌ನಲ್ಲಿ ಕರೆಂಟ್ ತುಂಬಿಕೊಳ್ಳುತ್ತದೆ. ಪಾಯಿಂಟ್ ತೆರೆದ ಕ್ಷಣಕ್ಕೆ ಸ್ಪಾರ್ಕ್. ಇಂಜಿನ್ 3000 ಆರ್‌ಪಿಎಂನಲ್ಲಿ ಓಡುವಾಗ ಡಿಸ್ಟ್ರಿಬ್ಯೂಟರ್ ಅದರ ಅರ್ಧ ವೇಗದಲ್ಲಿ ತಿರುಗುತ್ತದೆ, ಒಂದು ಸುತ್ತಿಗೆ ನಾಲ್ಕು ಸ್ಪಾರ್ಕ್. ಅಂದರೆ ಪಾಯಿಂಟ್ ಸೆಕೆಂಡಿಗೆ 100 ಸಲ ತೆರೆದು ಮುಚ್ಚುತ್ತದೆ. ಎಷ್ಟು ಹೊತ್ತು ಮುಚ್ಚಿರುತ್ತದೆ ಎನ್ನುವುದು ಡ್ವೆಲ್. ಯಾವಾಗ ತೆರೆಯುತ್ತದೆ ಎನ್ನುವುದು ಟೈಮಿಂಗ್. ಇವೆರಡೂ ಬೇರೆ ಬೇರೆ ಅಲ್ಲ. ಗ್ಯಾಪ್ ಜಾಸ್ತಿ ಮಾಡಿದರೆ ಪಾಯಿಂಟ್ ಬೇಗ ತೆರೆಯುತ್ತದೆ, ಟೈಮಿಂಗ್ ಮುಂದೆ ಹೋಗುತ್ತದೆ. ಗ್ಯಾಪ್ ಕಡಿಮೆಯಾದರೆ ಟೈಮಿಂಗ್ ಹಿಂದೆ ಬೀಳುತ್ತದೆ. ಹಾಗಾಗಿ ಯಾವ ದಾರಿ ಹಿಡಿದರೂ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಟೈಮಿಂಗ್ ನೋಡಿ ಆದ ಮೇಲೆ ಗ್ಯಾಪ್ ಮುಟ್ಟಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಏನು ನೋಡಿ ಆರಿಸಬೇಕು

ನನ್ನ ಮಟ್ಟಿಗೆ ಮೊದಲ ಪ್ರಶ್ನೆ ಇದು: ಕೆಟ್ಟರೆ ಹೇಗೆ ಕೆಡುತ್ತದೆ? ನಿಧಾನವಾಗಿ ಮುನ್ಸೂಚನೆ ಕೊಟ್ಟು ಕೆಡುತ್ತದೋ, ಆಗುಂಬೆ ಘಾಟಿಯ ತಿರುವಿನಲ್ಲಿ ಥಟ್ಟನೆ ನಿಂತುಬಿಡುತ್ತದೋ? ಅದರ ಬೆನ್ನಿಗೇ ಇನ್ನೊಂದು: ನಿಂತರೆ ಅಲ್ಲೇ ಸರಿಮಾಡಲು ಆಗುತ್ತದಾ?

ಎರಡನೆಯದು ನಮ್ಮ ಹವೆ. ಕಡಲ ಬದಿಯ ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಥಂಡಿ. ಹಳೇ ಕಾರು ಹೆಚ್ಚಿನವರ ಮನೆಯಲ್ಲಿ ವಾರಕ್ಕೊಮ್ಮೆ ಹೊರಗೆ ಬರುವುದೇ ಹೆಚ್ಚು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅದೂ ಇಲ್ಲ. ಹೀಗೆ ನಿಂತೇ ಇರುವ ಕಾರಿನಲ್ಲಿ ಪಾಯಿಂಟ್‌ನ ಮುಖದ ಮೇಲೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ. ಕಣ್ಣಿಗೆ ಚೊಕ್ಕ ಕಂಡರೂ ಕರೆಂಟ್ ಹೋಗುವುದಿಲ್ಲ. ಬೆಂಗಳೂರಿನ ಕಾರಿನವರು ಕೊಡುವ ಸಲಹೆ ಇಲ್ಲಿಗೆ ಪೂರ್ತಿ ಹೊಂದದಿರುವುದು ಇದೇ ಕಾರಣಕ್ಕೆ.

ಮೂರನೆಯದು ಎಷ್ಟು ನಿಖರತೆ ಬೇಕು ಎನ್ನುವುದು. ದೇವಸ್ಥಾನಕ್ಕೆ, ಪೇಟೆಗೆ ನಿಧಾನವಾಗಿ ಹೋಗಿ ಬರುವ ಕಾರಿಗೂ ತುಂಬು ಕುಟುಂಬ ಕೂರಿಸಿಕೊಂಡು ಶಿರಾಡಿ ಹತ್ತುವ ಕಾರಿಗೂ ಒಂದೇ ಲೆಕ್ಕ ಅಲ್ಲ. ಕೊನೆಯದು ದುಡ್ಡು. ಅದರ ಜೊತೆಗೇ ಕೆಲಸ ಯಾರ ಕೈಯದ್ದು ಎಂಬುದನ್ನೂ ಸೇರಿಸಿ. ನಿಮಗೇ ಆಸಕ್ತಿ ಇದ್ದರೆ ಉಪಕರಣಕ್ಕೆ ಹಾಕಿದ ದುಡ್ಡು ವಾಪಸ್ ಬರುತ್ತದೆ. ಇಲ್ಲದಿದ್ದರೆ ಅದು ಶೆಡ್ಡಿನ ಮೂಲೆಯಲ್ಲಿ ತುಕ್ಕು ಹಿಡಿಯುತ್ತದೆ.

ಕೊಳ್ಳುವ ಮೊದಲು ಶಾಫ್ಟ್ ಅಲ್ಲಾಡಿಸಿ

ಈ ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ, ಆದರೆ ಮಾಡುವವರು ಕಡಿಮೆ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆಯಿರಿ, ಅದರಡಿ ಶಾಫ್ಟ್ ತುದಿಯಲ್ಲಿ ತಿರುಗುವ ರೋಟರ್ ತೆಗೆಯಿರಿ. ಒಳಗಿನ ಶಾಫ್ಟ್ ಅನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ತಿರುಗಿಸಬೇಡಿ, ಪಕ್ಕಕ್ಕೆ ಮಾತ್ರ. ಕಣ್ಣಿಗೆ ಕಾಣುವಷ್ಟು ಆಟ ಇದ್ದರೆ ಶಾಫ್ಟ್ ಕೂತು ತಿರುಗುವ ಬುಶ್ ಸವೆದಿದೆ. ಪಾಯಿಂಟ್ ಗ್ಯಾಪ್ ಅಂಬಾಸಿಡರ್‌ನ ಲ್ಯೂಕಾಸ್ ಡಿಸ್ಟ್ರಿಬ್ಯೂಟರ್‌ನಲ್ಲಿ 0.35ರಿಂದ 0.40 ಮಿ.ಮೀ., ಜೀಪಿನಲ್ಲಿ ಸುಮಾರು 0.50 ಮಿ.ಮೀ. ಇಷ್ಟು ಚಿಕ್ಕ ಗ್ಯಾಪಿನಲ್ಲಿ ಶಾಫ್ಟ್ ಒಂದಿಷ್ಟು ಅತ್ತಿತ್ತ ಹೋದರೂ ಒಂದೊಂದು ಸಿಲಿಂಡರ್‌ಗೆ ಒಂದೊಂದು ಟೈಮಿಂಗ್ ಆಗುತ್ತದೆ.

ಸೆಟ್ ಮಾಡಿಸಿದ ವಾರದಲ್ಲೇ ಮತ್ತೆ ಮಿಸ್ಸಿಂಗ್ ಎನ್ನುವ ದೂರಿನ ಹಿಂದೆ ಈ ಬುಶ್ ಇರುವುದು ಅಪರೂಪವೇನಲ್ಲ. ಅದನ್ನು ಬಿಟ್ಟು ಹೊಸ ಪಾಯಿಂಟ್, ಹೊಸ ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಬಿಡಿಭಾಗ), ಹೊಸ ಕಾಯಿಲ್ ಎಂದು ದುಡ್ಡು ಸುರಿದು ಪ್ರಯೋಜನ ಇಲ್ಲ. ಲೇತ್ ಕೆಲಸದವರು ಹಿತ್ತಾಳೆ ಅಥವಾ ಕಂಚಿನ ಬುಶ್ ಮಾಡಿ ಕೂರಿಸಿ ಕೊಡುತ್ತಾರೆ. ಮೊದಲು ಅದು ಆಗಲಿ. ಎಲೆಕ್ಟ್ರಾನಿಕ್ ಕಿಟ್ ಹಾಕುವ ಯೋಚನೆ ಇದ್ದರೂ ಮೊದಲು ಅದೇ ಆಗಲಿ.

ಮಳೆಗಾಲದ ಮಿಸ್ಸಿಂಗ್ ಎಲ್ಲ ಪಾಯಿಂಟ್‌ನ ತಪ್ಪೂ ಅಲ್ಲ. ರಾತ್ರಿ ದೀಪ ಆರಿಸಿ, ಬಾನೆಟ್ ತೆರೆದು, ಇಂಜಿನ್ ಸ್ಟಾರ್ಟ್ ಮಾಡಿ ನೋಡಿ. ಪ್ಲಗ್ ವೈರ್‌ನ ಮೇಲೆ, ಕ್ಯಾಪಿನ ಸುತ್ತ ನೀಲಿ ಕಿಡಿ ಹರಿಯುತ್ತಿದ್ದರೆ ವೈರ್ ಸೋರುತ್ತಿದೆ. ಕ್ಯಾಪಿನ ಒಳಗೆ ಪೆನ್ಸಿಲಿನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ ಇದ್ದರೆ ಕರೆಂಟ್ ಅಲ್ಲಿಂದಲೇ ದಾರಿ ಮಾಡಿಕೊಂಡಿದೆ. ಆ ಕ್ಯಾಪ್ ಒರೆಸಿ ಉಪಯೋಗವಿಲ್ಲ, ಬದಲಾಯಿಸಬೇಕು. ಈ ಎರಡನ್ನು ಯಾವ ಎಲೆಕ್ಟ್ರಾನಿಕ್ ಕಿಟ್ಟೂ ಸರಿಮಾಡುವುದಿಲ್ಲ.

ಫೀಲರ್ ಗೇಜ್ ಮತ್ತು ಬಲ್ಬು

ಎಲ್ಲಕ್ಕಿಂತ ಅಗ್ಗದ ದಾರಿ ಇದು. ಫೀಲರ್ ಗೇಜ್ ಕೆಲವೇ ನೂರು ರೂಪಾಯಿಯ ಸಾಮಾನು. ಜೊತೆಗೆ 12 ವೋಲ್ಟಿನ ಸಣ್ಣ ಪಾರ್ಕಿಂಗ್ ಬಲ್ಬು, ಹೋಲ್ಡರ್, ಎರಡು ತುಂಡು ವೈರು. ಇಷ್ಟರಲ್ಲಿ ಕಾರು ಓಡುವ ಮಟ್ಟಕ್ಕೆ ಅಲ್ಲ, ಚೆನ್ನಾಗಿಯೇ ಓಡುವ ಮಟ್ಟಕ್ಕೆ ಸೆಟ್ ಮಾಡಬಹುದು.

ಇಂಜಿನ್ ತಿರುಗಿಸಿ, ಪಾಯಿಂಟ್‌ನ ಫೈಬರ್ ತುಂಡು ಶಾಫ್ಟ್ ಮೇಲಿನ ಕ್ಯಾಮ್‌ನ ಉಬ್ಬಿನ ತುತ್ತತುದಿಯಲ್ಲಿ ಬರುವ ಹಾಗೆ ನಿಲ್ಲಿಸಬೇಕು. ಬ್ಲೇಡ್ ತೂರಿಸಿ ಎಳೆದರೆ, ಮುಚ್ಚಿದ ಪುಸ್ತಕದ ಹಾಳೆಗಳ ನಡುವಿನಿಂದ ನೋಟು ಎಳೆದ ಹಾಗಿರಬೇಕು. ಹಿಡಿಯಬೇಕು, ಆದರೆ ಸಿಕ್ಕಿಕೊಳ್ಳಬಾರದು. ಸ್ಕ್ರೂ ಬಿಗಿದ ಮೇಲೆ ಇನ್ನೊಮ್ಮೆ ನೋಡಲೇಬೇಕು. ಬಿಗಿಯುವಾಗ ಪ್ಲೇಟ್ ಸ್ವಲ್ಪ ಜಾರುತ್ತದೆ.

ಇದರ ದೊಡ್ಡ ದೋಷ ಒಂದೇ, ಆದರೆ ಅದು ತಿಳಿದಿರಲೇಬೇಕು. ಓಡಿದ ಪಾಯಿಂಟನ್ನು ಬಿಚ್ಚಿ ಟಾರ್ಚ್ ಹಿಡಿದು ನೋಡಿ. ಒಂದು ಮುಖದಲ್ಲಿ ಸಣ್ಣ ಕುಳಿ ಬಿದ್ದಿರುತ್ತದೆ, ಎದುರಿನ ಮುಖದಲ್ಲಿ ಅಷ್ಟೇ ದೊಡ್ಡ ಮೊಡವೆ ಎದ್ದಿರುತ್ತದೆ. ಈ ಕಡೆಯ ಲೋಹ ಆ ಕಡೆಗೆ ಹೋಗಿ ಕೂತದ್ದು. ಚಪ್ಪಟೆ ಬ್ಲೇಡ್ ಆ ಕುಳಿಯೊಳಗೆ ಇಳಿಯುವುದಿಲ್ಲ, ಮೊಡವೆಯ ತಲೆಯನ್ನಷ್ಟೇ ಮುಟ್ಟುತ್ತದೆ. ಗೇಜ್ 0.40 ಎಂದರೂ ನಿಜವಾದ ಗ್ಯಾಪ್ ಅದಕ್ಕಿಂತ ಜಾಸ್ತಿ. ಹಾಗಾಗಿ ಫೀಲರ್ ಗೇಜನ್ನು ಹೊಸ ಪಾಯಿಂಟ್‌ಗೆ ಪೂರ್ತಿ ನಂಬಬಹುದು, ಹಳೆಯದಕ್ಕೆ ನಂಬಲಾಗದು. ಎಮರಿ ಪೇಪರಿನಲ್ಲಿ ಉಜ್ಜುವ ಅಭ್ಯಾಸ ನಮ್ಮಲ್ಲಿ ಬಹಳ. ಅದರ ಪುಡಿ ಮುಖದಲ್ಲೇ ಹೂತು ಕೂತು ಇನ್ನಷ್ಟು ಸುಡುತ್ತದೆ. ಸಣ್ಣ ಪಾಯಿಂಟ್ ಫೈಲ್ ಬಳಸಿ. ಆಮೇಲೆ ಪೆಟ್ರೋಲ್ ತಾಗಿಸಿದ ವಿಸಿಟಿಂಗ್ ಕಾರ್ಡ್ ನಡುವೆ ಇಟ್ಟು ಎಳೆಯಿರಿ. ಪ್ಯಾಕೆಟ್ಟಿನಿಂದ ಆಗಷ್ಟೇ ತೆಗೆದ ಹೊಸ ಪಾಯಿಂಟ್‌ಗೂ ಎಣ್ಣೆಯ ಲೇಪ ಇರಬಹುದು, ಅದನ್ನೂ ಹೀಗೇ ಒರೆಸಿ ಹಾಕಬೇಕು.

ಬಲ್ಬಿನ ವಿಧಾನ ನನಗೆ ತುಂಬ ಇಷ್ಟ, ಏಕೆಂದರೆ ಅದು ಯಾವ ಉಪಕರಣಕ್ಕೂ ಸೋಲುವುದಿಲ್ಲ. ಒಂದನೇ ಸಿಲಿಂಡರ್ ಎಂದರೆ ರೇಡಿಯೇಟರ್ ಕಡೆಯದ್ದು. ಅದು ಕಂಪ್ರೆಶನ್‌ಗೆ ಬಂದಾಗ ರೋಟರ್ ಒಂದನೇ ಪ್ಲಗ್ ವೈರಿನ ಕಡೆ ಮುಖ ಮಾಡಿರುತ್ತದೆ. ಕಾರನ್ನು ಟಾಪ್ ಗೇರಿನಲ್ಲಿ ಹಾಕಿ ಮೆಲ್ಲಗೆ ಮುಂದೆ ತಳ್ಳಿ. ಇಲ್ಲವೇ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿ. ಪುಲ್ಲಿಯ ಗುರುತು ಮ್ಯಾನ್ಯುಯಲ್ ಹೇಳಿದ ಡಿಗ್ರಿಗೆ ಬರಬೇಕು. ಜೀಪಿನ ಹರಿಕೇನ್‌ಗೆ ಅದು ಟಾಪ್ ಡೆಡ್ ಸೆಂಟರ್‌ಗಿಂತ (ಪಿಸ್ಟನ್ ತೀರಾ ಮೇಲಿರುವ ಜಾಗ) 5 ಡಿಗ್ರಿ ಮೊದಲು. ಗುರುತು ದಾಟಿಹೋದರೆ ಹಿಂದಕ್ಕೆ ತಿರುಗಿಸಿ ಅಲ್ಲಿಗೇ ನಿಲ್ಲಿಸಬೇಡಿ. ಪೂರ್ತಿ ಹಿಂದೆ ಹೋಗಿ ಮತ್ತೆ ಮುಂದಕ್ಕೇ ಬನ್ನಿ. ಗೇರುಗಳ ನಡುವಿನ ಸಡಿಲ ಒಂದೇ ಕಡೆಗೆ ಇರಲಿ.

ಈಗ ಬಲ್ಬಿನ ಒಂದು ವೈರ್ ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ತೆಳು ವೈರಿನ ಟರ್ಮಿನಲ್‌ಗೆ, ಇನ್ನೊಂದು ಬಾಡಿಗೆ. ಇಗ್ನಿಷನ್ ಆನ್ ಮಾಡಿ. ಡಿಸ್ಟ್ರಿಬ್ಯೂಟರ್ ಕ್ಲ್ಯಾಂಪ್ ಸಡಿಲಿಸಿ, ರೋಟರ್ ತಿರುಗುವ ದಿಕ್ಕಿಗೇ ಮೆಲ್ಲಗೆ ತಿರುಗಿಸಿದರೆ ಪಾಯಿಂಟ್ ಮುಚ್ಚಿ ಬಲ್ಬು ಆರುತ್ತದೆ. ಅಲ್ಲಿಂದ ಎದುರು ದಿಕ್ಕಿಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತ ಬನ್ನಿ. ಬಲ್ಬು ಹೊತ್ತಿದ ಕ್ಷಣ ನಿಲ್ಲಿಸಿ, ಕ್ಲ್ಯಾಂಪ್ ಬಿಗಿಯಿರಿ. ನಂಬಿಕೆ ಬರಲು ಇಂಜಿನ್ ಎರಡು ಸುತ್ತು ತಿರುಗಿಸಿ ನೋಡಿ, ಗುರುತು ಸರಿಯಾಗಿ ಬರುವಾಗಲೇ ಬಲ್ಬು ಹೊತ್ತಬೇಕು. ಇಗ್ನಿಷನ್ ಆನ್ ಇಟ್ಟುಕೊಂಡು ಚಾ ಕುಡಿಯಲು ಹೋಗಬೇಡಿ. ಪಾಯಿಂಟ್ ಮುಚ್ಚಿರುವಾಗ ಕಾಯಿಲ್ ಸುಮ್ನೆ ಬಿಸಿಯಾಗುತ್ತದೆ.

ಈ ದಾರಿಯ ಮಿತಿ ಏನೆಂದರೆ, ಇಂಜಿನ್ ನಿಂತಿರುವಾಗ ಟೈಮಿಂಗ್ ಎಲ್ಲಿದೆ ಎಂದಷ್ಟೇ ಇದು ಹೇಳುತ್ತದೆ. ಓಡುವಾಗ ಅಡ್ವಾನ್ಸ್ (ವೇಗ ಏರಿದಂತೆ ಟೈಮಿಂಗ್ ತಾನೇ ಮುಂದೆ ಹೋಗುವುದು) ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂಬುದು ಇದರಿಂದ ಗೊತ್ತಾಗದು.

ಡ್ವೆಲ್ ಮೀಟರ್ ಮತ್ತು ಟೈಮಿಂಗ್ ಲೈಟ್

ಡ್ವೆಲ್ ಮೀಟರ್ ಪಾಯಿಂಟ್‌ನ ಮುಖ ನೋಡುವುದೇ ಇಲ್ಲ. ಎಷ್ಟು ಡಿಗ್ರಿ ಮುಚ್ಚಿತ್ತು ಎಂಬುದನ್ನು ಕರೆಂಟಿನಿಂದಲೇ ಅಳೆಯುತ್ತದೆ. ಕುಳಿ, ಮೊಡವೆ ಯಾವುದೂ ಅದಕ್ಕೆ ಲೆಕ್ಕಕ್ಕಿಲ್ಲ. ನಾಲ್ಕು ಸಿಲಿಂಡರಿನ ಇಂಜಿನ್‌ನಲ್ಲಿ ಪ್ರತಿ ಸ್ಪಾರ್ಕ್‌ಗೆ ಸಿಗುವುದು 90 ಡಿಗ್ರಿ. ಅದರಲ್ಲಿ ಎಷ್ಟು ಮುಚ್ಚಿರಬೇಕು ಎನ್ನುವುದು ಡಿಸ್ಟ್ರಿಬ್ಯೂಟರ್ ಮೇಲೆ ಹೋಗುತ್ತದೆ. ಜೀಪಿಗೆ ಸುಮಾರು 42 ಡಿಗ್ರಿ, ಹಲವು ಲ್ಯೂಕಾಸ್‌ಗಳಿಗೆ 60ರ ಆಸುಪಾಸು. ನಿಮ್ಮ ಕಾರಿಗೆ ಹಿಂದೆ ಯಾರೋ ಬೇರೆ ಡಿಸ್ಟ್ರಿಬ್ಯೂಟರ್ ಕೂರಿಸಿರಬಹುದು. ಆದ್ದರಿಂದ ಕಾರಿನ ಹೆಸರು ನೋಡದೆ ಡಿಸ್ಟ್ರಿಬ್ಯೂಟರ್ ಮೈಮೇಲಿನ ನಂಬರ್ ನೋಡಿ ಅಳತೆ ಹುಡುಕಿ. ಪದ್ಮಿನಿಯವರು ಇದನ್ನು ಮರೆಯಲೇಬಾರದು.

ಈ ಮೀಟರಿನಿಂದ ಇನ್ನೊಂದು ಲಾಭ ಇದೆ. ಐಡಲ್‌ನಲ್ಲಿ ಒಂದು ಡ್ವೆಲ್ ತೋರಿಸಿ, ರೇಸ್ ಮಾಡಿದಾಗ ಮುಳ್ಳು ನಾಲ್ಕೈದು ಡಿಗ್ರಿ ಓಲಾಡಿದರೆ ಬುಶ್ ಹೋಗಿದೆ ಎಂದೇ ಅರ್ಥ ಮಾಡಿಕೊಳ್ಳಬಹುದು. ಬೆರಳಿಗೆ ತಿಳಿಯದ ಆಟ ಇದರಲ್ಲಿ ಕಾಣುತ್ತದೆ. ಹಳೇ ಕಾರಿಗೆಂದು ಒಂದೇ ಒಂದು ಮೀಟರ್ ಕೊಳ್ಳುವುದಿದ್ದರೆ ನಾನು ಹೇಳುವುದು ಇದನ್ನೇ. ಡ್ವೆಲ್ ತೋರಿಸುವ ಆಟೋಮೋಟಿವ್ ಮಲ್ಟಿಮೀಟರ್‌ಗಳೂ ಇವೆ. ಸಾಮಾನ್ಯ ಎಲೆಕ್ಟ್ರಿಶಿಯನ್ ಮೀಟರಿನಲ್ಲಿ ಆ ಗುರುತು ಇರುವುದಿಲ್ಲ, ನೋಡಿ ತೆಗೆದುಕೊಳ್ಳಿ.

ಟೈಮಿಂಗ್ ಲೈಟಿನದು ಬೇರೆಯೇ ಮಜಾ. ಒಂದನೇ ಪ್ಲಗ್ ವೈರಿಗೆ ಕ್ಲಿಪ್ ಹಾಕಿದರೆ, ಆ ಪ್ಲಗ್‌ಗೆ ಸ್ಪಾರ್ಕ್ ಹೋದಾಗಲೆಲ್ಲ ಲೈಟ್ ಮಿಂಚುತ್ತದೆ. ಮೊದಲೇ ಪುಲ್ಲಿಯ ಗುರುತಿಗೆ ಸೀಮೆಸುಣ್ಣ ಬಳಿದಿಟ್ಟರೆ, ಗರಗರ ತಿರುಗುವ ಪುಲ್ಲಿಯ ಮೇಲೆ ಆ ಬಿಳಿ ಗೆರೆ ಕದಲದೆ ನಿಂತಂತೆ ಕಾಣುತ್ತದೆ. ಆಕ್ಸಿಲರೇಟರ್ ಕೊಟ್ಟರೆ ಗೆರೆ ಮೆಲ್ಲಗೆ ಅಡ್ವಾನ್ಸ್ ಕಡೆಗೆ ಜರುಗಬೇಕು, ಬಿಟ್ಟರೆ ಮೊದಲಿನ ಜಾಗಕ್ಕೆ ವಾಪಸ್ ಬರಬೇಕು. ಜರುಗದಿದ್ದರೆ ಡಿಸ್ಟ್ರಿಬ್ಯೂಟರ್ ಒಳಗಿನ, ಟೈಮಿಂಗ್ ಮುಂದೆ ಒಯ್ಯುವ ತೂಕಗಳು ಜಾಮ್ ಆಗಿವೆ. ನಮ್ಮ ಹವೆಯಲ್ಲಿ ಇದು ಸಾಮಾನ್ಯ. ವರ್ಷಗಟ್ಟಲೆ ಒಂದು ಹನಿ ಎಣ್ಣೆ ಕಾಣದೆ ತುಕ್ಕು ಹಿಡಿದಿರುತ್ತವೆ. ಗೆರೆ ಹಿಂದೆ ಮುಂದೆ ಕುಣಿಯುತ್ತಿದ್ದರೆ ಮತ್ತೆ ಬುಶ್‌ನ ಮಾತೇ. "ಪಿಕಪ್ ಇಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಆದರೆ ಐಡಲ್ ಚೆನ್ನಾಗಿದೆ" ಎನ್ನುವ ಕಾರಿನ ರೋಗ ಈ ಲೈಟಿಗೆ ಸಿಕ್ಕಿಬೀಳುವಷ್ಟು ಸುಲಭವಾಗಿ ಬೇರೆ ಯಾವುದಕ್ಕೂ ಸಿಕ್ಕುವುದಿಲ್ಲ.

ಟೈಮಿಂಗ್ ನೋಡುವಾಗ ಡಿಸ್ಟ್ರಿಬ್ಯೂಟರ್‌ಗೆ ಬರುವ ವ್ಯಾಕ್ಯೂಮ್ ಪೈಪ್ ತೆಗೆದು ಅದರ ಬಾಯಿ ಮುಚ್ಚಿಡಿ. ಮ್ಯಾನ್ಯುಯಲ್‌ನಲ್ಲಿ ಬೇರೆ ಹೇಳಿದ್ದರೆ ಮಾತ್ರ ಹಾಗೇ ಬಿಡಿ. ಆಮೇಲೆ ಪೈಪಿನ ಒಂದು ತುದಿ ಡಿಸ್ಟ್ರಿಬ್ಯೂಟರ್‌ಗೆ ಸೇರಿಸಿ, ಇನ್ನೊಂದು ತುದಿಯನ್ನು ಬಾಯಲ್ಲಿ ಹೀರಿ, ಅದಕ್ಕೆ ನಾಲಿಗೆ ಒತ್ತಿ ಹಿಡಿಯಿರಿ. ನಾಲಿಗೆಗೆ ಅಂಟಿಕೊಂಡೇ ಇದ್ದರೆ ಒಳಗಿನ ಡಯಾಫ್ರಾಮ್ (ತೆಳು ಪರದೆ) ಸರಿಯಿದೆ. ಕೂಡಲೇ ಬಿಟ್ಟುಕೊಂಡರೆ ತೂತಾಗಿದೆ.

ದೋಷಗಳೂ ಇವೆ. ಉರಿಬಿಸಿಲಿನಲ್ಲಿ ಗೆರೆ ಕಾಣುವುದಿಲ್ಲ, ಸಂಜೆಯವರೆಗೆ ಕಾಯಬೇಕು. ಕೆಲವು ಇಂಜಿನ್‌ಗಳಲ್ಲಿ ಗುರುತು ಪುಲ್ಲಿಯ ಅಡಿಯಲ್ಲಿ ಇದ್ದು, ಬಗ್ಗಿ ನೋಡುವಾಗ ಮುಖ ಫ್ಯಾನಿನ ಹತ್ತಿರ ಹೋಗುತ್ತದೆ. ಈ ಬೆಳಕಿನಲ್ಲಿ ಫ್ಯಾನ್ ಕೂಡ ನಿಂತಂತೆ ಅಥವಾ ನಿಧಾನವಾಗಿ ತಿರುಗುವಂತೆ ಕಾಣಬಹುದು. ಶಾಲು, ಟೈ, ಲೂಸ್ ತೋಳು, ಕೊರಳ ಸರ ಎಲ್ಲ ತೆಗೆದಿಟ್ಟೇ ಕೈ ಹಾಕಿ. ಬೆಲೆ ಸಾವಿರದ ಲೆಕ್ಕದಲ್ಲಿ ಇದೆ, ವರ್ಷಕ್ಕೆ ಹೆಚ್ಚೆಂದರೆ ಎರಡು ಸಲ ಬೇಕಾಗುತ್ತದೆ. ನಾಲ್ಕು ಜನ ಹಳೇ ಕಾರಿನವರು ಸೇರಿ ಒಂದು ಕೊಂಡರೆ ಎಲ್ಲರಿಗೂ ಸಾಕು.

ಕಿವಿಯಲ್ಲಿ ಸೆಟ್ ಮಾಡುವುದು

ಡಿಸ್ಟ್ರಿಬ್ಯೂಟರ್ ತಿರುಗಿಸುತ್ತ ಐಡಲ್ ಚೆಂದ ಕೇಳಿಸುವ ಜಾಗದಲ್ಲಿ ಬಿಗಿಯುವ ಪದ್ಧತಿ ಇದು. ರಸ್ತೆ ಬದಿಯಲ್ಲಿ ಮನೆ ಮುಟ್ಟುವಷ್ಟಕ್ಕೆ ಸರಿ. ಆದರೆ ಟೈಮಿಂಗ್ ಮುಂದೆ ಹೋದಷ್ಟೂ ಐಡಲ್ ಏರುತ್ತದೆ, ಕಿವಿಗೆ ಚೆಂದ ಕೇಳುತ್ತದೆ. ಹಾಗಾಗಿ ಕಿವಿ ಯಾವಾಗಲೂ ಜಾಸ್ತಿ ಅಡ್ವಾನ್ಸ್ ಕಡೆಗೇ ಎಳೆಯುತ್ತದೆ. ಏರಿನಲ್ಲಿ ಕಟಕಟ ಶುರುವಾದಾಗ ಅದು ಗೊತ್ತಾಗುತ್ತದೆ. ಹ್ಯಾಂಡಲ್ ಹಾಕಿ ಸ್ಟಾರ್ಟ್ ಮಾಡುವವರಿಗಂತೂ ಇದು ಅಪಾಯ. ಅಡ್ವಾನ್ಸ್ ಜಾಸ್ತಿ ಇದ್ದರೆ ಹ್ಯಾಂಡಲ್ ಹಿಂದಕ್ಕೆ ಒದ್ದು ಮಣಿಕಟ್ಟು ಮುರಿಯಬಹುದು. ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟು ಹಿಡಿಯುವುದು ಅದಕ್ಕೇ. ವ್ಯಾಕ್ಯೂಮ್ ಗೇಜ್ ಹಾಕಿ ಮುಳ್ಳು ನೋಡಿ ಸೆಟ್ ಮಾಡುವವರೂ ಇದ್ದಾರೆ. ಅದಕ್ಕೂ ಇದೇ ಮಿತಿ.

ಕಿವಿಯ ನಿಜವಾದ ಜಾಗ ಕೊನೆಯ ಪರೀಕ್ಷೆಯಲ್ಲಿ. ಬಲ್ಬಿನಲ್ಲೋ ಲೈಟಿನಲ್ಲೋ ಸೆಟ್ ಮಾಡಿ, ಇಂಜಿನ್ ಬಿಸಿ ಮಾಡಿ, ಉಡುಪಿಯಿಂದ ಮಣಿಪಾಲಕ್ಕೆ ಹತ್ತುವಂಥ ಏರಿನಲ್ಲಿ ಟಾಪ್ ಗೇರಿನಲ್ಲಿ ಒಮ್ಮೆ ಆಕ್ಸಿಲರೇಟರ್ ಒತ್ತಿ ನೋಡಿ. ಹಿಂದೆ ಗಾಡಿ ಇಲ್ಲದಾಗ ಮಾತ್ರ. ಒಂದು ಕ್ಷಣ ಸಣ್ಣಗೆ ಕಿಣಿಕಿಣಿ ಎಂದು ಮಾಯವಾದರೆ ಸರಿಯಾದ ಜಾಗದ ಹತ್ತಿರವೇ ಇದ್ದೀರಿ. ಬಿಡದೆ ಬಡಿದರೆ ಒಂದೆರಡು ಡಿಗ್ರಿ ಹಿಂದೆ ತನ್ನಿ. ಸದ್ದೇ ಇಲ್ಲದೆ ಕಾರು ಏದುಸಿರು ಬಿಡುತ್ತಿದ್ದರೆ, ಇಂಜಿನ್ ಬೇಗ ಬಿಸಿಯಾದರೆ, ಟೈಮಿಂಗ್ ಹಿಂದೆ ಬಿದ್ದಿದೆ. ಮ್ಯಾನ್ಯುಯಲ್ ಬರೆದ ಕಾಲದ ಪೆಟ್ರೋಲಿಗೂ ಈಗ ಬಂಕಿನಲ್ಲಿ ಸಿಗುವ ಇಥೆನಾಲ್ ಬೆರೆತ ಪೆಟ್ರೋಲಿಗೂ ವ್ಯತ್ಯಾಸ ಇದೆ. ಪುಸ್ತಕದ ಡಿಗ್ರಿಯಿಂದ ಶುರು ಮಾಡಿ, ಕೊನೆಯ ತೀರ್ಮಾನ ಏರಿನಲ್ಲಿ ಮಾಡಿ.

ಪಾಯಿಂಟ್ ಉಳಿಸಿಕೊಂಡು ಟ್ರಾನ್ಸಿಸ್ಟರ್ ಡಬ್ಬಿ

ಪಾಯಿಂಟ್ ಇದ್ದಲ್ಲೇ ಇರುತ್ತದೆ, ಆದರೆ ಕಾಯಿಲ್‌ನ ಭಾರಿ ಕರೆಂಟನ್ನು ಹೊರಗಿನ ಡಬ್ಬಿಯ ಟ್ರಾನ್ಸಿಸ್ಟರ್ ಹೊರುತ್ತದೆ. ಪಾಯಿಂಟ್ ಬರೀ ಸ್ವಿಚ್ಚಿನ ಕೆಲಸ ಮಾಡುತ್ತದೆ, ಸುಡುವುದಿಲ್ಲ. ಡಬ್ಬಿ ಕೆಟ್ಟರೆ ವೈರ್ ಬದಲಾಯಿಸಿ, ಕಂಡೆನ್ಸರ್ ಸೇರಿಸಿ ಹಳೇ ರೀತಿಗೆ ಮರಳಬಹುದು. ಕೇಳಲು ಇದು ಎರಡೂ ಕಡೆಯ ಒಳ್ಳೆಯದನ್ನು ಕೊಡುವಂತಿದೆ.

ಆದರೆ ನಮ್ಮ ಕರಾವಳಿಗೆ ಇದನ್ನು ನಾನು ಅರ್ಧ ಮನಸ್ಸಿನಿಂದಲೇ ಹೇಳುತ್ತೇನೆ. ಫೈಬರ್ ತುಂಡು ಮೊದಲಿನಂತೆಯೇ ಸವೆಯುತ್ತದೆ, ಗ್ಯಾಪ್ ಮುಚ್ಚುತ್ತ ಟೈಮಿಂಗ್ ಹಿಂದೆ ಬೀಳುತ್ತದೆ. ಜೊತೆಗೆ ಆ ಥಂಡಿಯ ಪೊರೆ. ಮಾಮೂಲಿ ಪಾಯಿಂಟ್‌ನಲ್ಲಿ ಜೋರು ಕರೆಂಟ್ ಹರಿದು ಪೊರೆ ಸ್ವಲ್ಪ ಸುಟ್ಟುಹೋಗುತ್ತದೆ. ಇಲ್ಲಿ ಹರಿಯುವ ಕರೆಂಟ್ ಕಡಿಮೆ, ಪೊರೆ ಹಾಗೇ ಉಳಿಯಬಹುದು. ದಿನಾ ಓಡಿಸುವವರಿಗೆ ಒಳ್ಳೆಯದು. ತಿಂಗಳುಗಟ್ಟಲೆ ನಿಲ್ಲಿಸುವವರಿಗೆ ಅಲ್ಲ.

ಪೂರ್ತಿ ಎಲೆಕ್ಟ್ರಾನಿಕ್

ಪಾಯಿಂಟ್, ಕಂಡೆನ್ಸರ್ ಎರಡೂ ತೆಗೆದು, ಶಾಫ್ಟಿಗೆ ಮ್ಯಾಗ್ನೆಟ್ ಉಂಗುರ, ಪ್ಲೇಟಿಗೆ ಆ ಮ್ಯಾಗ್ನೆಟ್ ಹಾದುಹೋಗುವುದನ್ನು ಗುರುತಿಸುವ ಹಾಲ್ ಸೆನ್ಸರ್. ಕ್ಯಾಪಿನ ಒಳಗೇ ಕೂರುತ್ತದೆ, ಹೊರಗಿನಿಂದ ನೋಡಿದರೆ ಎರಡು ವೈರ್ ಬಿಟ್ಟು ಏನೂ ಕಾಣುವುದಿಲ್ಲ. ಉಜ್ಜುವ ಭಾಗ ಇಲ್ಲ, ಹಾಗಾಗಿ ಸವೆತ ಇಲ್ಲ. ಒಮ್ಮೆ ಸೆಟ್ ಮಾಡಿದ ಟೈಮಿಂಗ್ ಜಾರುವುದಿಲ್ಲ. ಥಂಡಿಯ ಪೊರೆ ಕಟ್ಟಲು ಜಾಗವೇ ಇಲ್ಲ. ಕರಾವಳಿಯವರಿಗೆ ಇದಕ್ಕಿಂತ ದೊಡ್ಡ ಲಾಭ ಬೇರೆ ಇಲ್ಲ ಎಂದು ನಾನು ಒಪ್ಪುತ್ತೇನೆ.

ಇನ್ನು ಅದರ ಬೆಲೆ. ರೂಪಾಯಿಯಲ್ಲಿ ಪಾಯಿಂಟ್ ಸೆಟ್ಟಿನ ಹತ್ತಾರು ಪಟ್ಟು ಆಗಬಹುದು, ಹೊರದೇಶದ ಕಿಟ್ ಆದರೆ ಇನ್ನೂ ಜಾಸ್ತಿ. ಅದಕ್ಕಿಂತ ಮುಖ್ಯ, ಕೆಡುವ ರೀತಿ. ಪಾಯಿಂಟ್ ಸಾಯುವ ಮೊದಲು ವಾರಗಟ್ಟಲೆ ಗೊಣಗುತ್ತದೆ. ಸ್ಟಾರ್ಟಿಂಗ್ ತಡ, ಪಿಕಪ್ ಕಡಿಮೆ, ಸೈಲೆನ್ಸರ್‌ನಲ್ಲಿ ಢಬ್ ಎನ್ನುವ ಸದ್ದು. ಕಿಟ್ಟಿನ ಎಲೆಕ್ಟ್ರಾನಿಕ್ ಭಾಗವಾದ ಮಾಡ್ಯೂಲ್ ಹೋದರೆ ಹೋಯಿತು, ಆ ಕ್ಷಣಕ್ಕೆ ಇಂಜಿನ್ ಬಂದ್. ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ದಾರಿಯಲ್ಲಿ, ಮಳೆಯಲ್ಲಿ, ಅದನ್ನು ರಿಪೇರಿ ಮಾಡಲು ಯಾರಿಂದಲೂ ಆಗುವುದಿಲ್ಲ. ಬದಲಾಯಿಸಬಹುದು ಅಷ್ಟೇ.

ಇದಕ್ಕೆ ಕೆಲವು ಕಟ್ಟುಪಾಡು ಇವೆ, ಅಂಗಡಿಯವರು ಹೇಳದೇ ಇರಬಹುದು. ಬ್ಯಾಟರಿ ವೈರ್ ಉಲ್ಟಾ ಕೊಟ್ಟರೆ ಮಾಡ್ಯೂಲ್ ಸುಟ್ಟುಹೋಗುತ್ತದೆ. ತುಂಬ ಹಳೆಯ ಕೆಲವು ಕಾರುಗಳು ಪಾಸಿಟಿವ್ ಅರ್ಥ್ (ಬ್ಯಾಟರಿಯ ಪಾಸಿಟಿವ್ ಬಾಡಿಗೆ ಸೇರಿರುವುದು), ಅದಕ್ಕೆ ಬೇರೆ ಕಿಟ್ಟೇ ಬೇಕು. ಕಾಯಿಲ್‌ನ ಪ್ರೈಮರಿ ಸುತ್ತಿನ ರೆಸಿಸ್ಟೆನ್ಸ್ (ಓಮ್) ಕಿಟ್ ಕೇಳಿದಷ್ಟು ಇರಲೇಬೇಕು. ಕಡಿಮೆ ಇದ್ದರೆ ಕರೆಂಟ್ ಜಾಸ್ತಿ ಹರಿದು ಮಾಡ್ಯೂಲ್ ಬೇಯುತ್ತದೆ. ಇಂಜಿನ್ ನಿಂತಿರುವಾಗ ಇಗ್ನಿಷನ್ ಆನ್ ಇಟ್ಟು ಹಾಡು ಕೇಳುವ ಅಭ್ಯಾಸ ಬಿಡಬೇಕು. ಬಾಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ತೆಗೆಸಬೇಕು. ಬ್ಯಾಟರಿ ದುರ್ಬಲ ಇದ್ದರೆ ಸ್ಟಾರ್ಟರ್ ತಿರುಗುವಾಗ ವೋಲ್ಟೇಜ್ ಕುಸಿದು ಸೆನ್ಸರ್ ಕೆಲಸ ಮಾಡದೇ ಇರಬಹುದು. ನಿಂತೇ ಇರುವ ಕಾರಿನ ಬ್ಯಾಟರಿ ದುರ್ಬಲ ಆಗುವುದು ಸಹಜ ಅಲ್ವಾ? ಅಂಥ ಹೊತ್ತಿನಲ್ಲಿ ಪಾಯಿಂಟ್‌ನ ಕಾರು ತಳ್ಳಿದರೆ ಸ್ಟಾರ್ಟ್ ಆಗುವ ಸಾಧ್ಯತೆ ಹೆಚ್ಚು. ಟೈಮಿಂಗ್ ನೋಡಲು ಬಲ್ಬನ್ನೂ ಇಲ್ಲಿ ನಂಬುವ ಹಾಗಿಲ್ಲ, ಲೈಟ್ ಬೇಕೇ ಬೇಕು. ಅದರ ದುಡ್ಡನ್ನೂ ಲೆಕ್ಕಕ್ಕೆ ಸೇರಿಸಿ.

ಮೆಕ್ಯಾನಿಕ್ ಕೈಗೆ ಕೊಡುವುದಾದರೆ

ಪಾಯಿಂಟ್ ಗೊತ್ತಿರುವ ಹಿರಿಯ ಮೆಕ್ಯಾನಿಕ್‌ಗಳು ಎರಡೂ ಊರಲ್ಲಿ ಇನ್ನೂ ಇದ್ದಾರೆ, ಆದರೆ ಹುಡುಕಬೇಕು. ಬೋರ್ಡ್ ನೋಡಿ ಹೋಗಬೇಡಿ, ಕೆಲಸ ನೋಡಿ. ಗ್ಯಾಪ್ ಮೊದಲು ನೋಡುತ್ತಾರಾ, ಟೈಮಿಂಗ್ ಆಮೇಲೆ ನೋಡುತ್ತಾರಾ? ಕ್ಯಾಮ್‌ಗೆ ಚೂರು ಗ್ರೀಸ್ ಹಚ್ಚುತ್ತಾರಾ? ಶಾಫ್ಟ್ ಅಲ್ಲಾಡಿಸಿ ನೋಡುತ್ತಾರಾ? ಸುಟ್ಟ ಪಾಯಿಂಟ್ ಕೈಗೆ ಬಂದಾಗ "ಇದು ಯಾಕೆ ಸುಟ್ಟಿತು" ಎಂದು ಕೇಳುವವರು ಸಿಕ್ಕರೆ ಬಿಡಬೇಡಿ. ಪಾಯಿಂಟ್ ಬೇಗ ಸುಡುವುದಕ್ಕೆ ಕಂಡೆನ್ಸರ್ ಕಾರಣ ಇರಬಹುದು, ರೆಗ್ಯುಲೇಟರ್ ಜಾಸ್ತಿ ಚಾರ್ಜ್ ಮಾಡುತ್ತಿರಬಹುದು. ಬರೀ ಪಾಯಿಂಟ್ ಬದಲಾಯಿಸಿ ಕಳಿಸಿದರೆ ಮುಂದಿನ ತಿಂಗಳು ಮತ್ತೆ ಅಲ್ಲಿಗೇ ಹೋಗಬೇಕಾಗುತ್ತದೆ.

ಹಾಗಾದರೆ ನಿಮಗೆ ಯಾವುದು?

ವಾರಕ್ಕೊಮ್ಮೆ ಪೇಟೆ ಸುತ್ತುವ, ಘಾಟಿ ಹತ್ತದ ಕಾರಾದರೆ ಪಾಯಿಂಟ್ ಬಿಡಬೇಡಿ. ಫೀಲರ್ ಗೇಜ್, ಬಲ್ಬು ಸಾಕು. ಮಳೆಗಾಲ ಶುರುವಾಗುವ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ನೋಡಿ. ಮಳೆಗಾಲದಲ್ಲಿ ನಿಲ್ಲಿಸಿದ್ದರೂ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಚೆನ್ನಾಗಿ ಬಿಸಿಯಾಗುವ ತನಕ ಓಡಿಸಿ.

ತಾನೇ ಬಿಚ್ಚಿ ಜೋಡಿಸುವ ಹುಚ್ಚಿರುವವರು ಡ್ವೆಲ್ ಮೀಟರ್ ಕೊಳ್ಳಿ, ಲೈಟ್ ಗೆಳೆಯರ ಜೊತೆ ಹಂಚಿಕೊಳ್ಳಿ. ನನ್ನ ಒಲವು ಇರುವುದು ಈ ದಾರಿಗೇ. ಇದರಲ್ಲಿ ಕಾರಿನ ರೋಗ ಗೊತ್ತಾಗುತ್ತದೆ, ಉಳಿದವುಗಳಲ್ಲಿ ರೋಗ ಮುಚ್ಚಿಹೋಗುವುದೇ ಜಾಸ್ತಿ.

ದಿನಾ ಕೆಲಸಕ್ಕೆ ಹಳೇ ಕಾರಲ್ಲೇ ಹೋಗುವವರು, ಅಥವಾ ಬಾನೆಟ್ ತೆರೆಯಲು ಮನಸ್ಸೇ ಇಲ್ಲದವರು ಎಲೆಕ್ಟ್ರಾನಿಕ್‌ಗೆ ಹೋಗಬಹುದು. ಬುಶ್ ಮಾಡಿಸಿದ ಮೇಲೆ, ಬ್ಯಾಟರಿ ಚೆನ್ನಾಗಿದ್ದ ಮೇಲೆ ಮಾತ್ರ. ಮೂಲ ಸ್ಥಿತಿ ಉಳಿಸಿಕೊಂಡು ಪ್ರದರ್ಶನಕ್ಕೆ ಒಯ್ಯುವವರಿಗೂ ಇದು ಅಡ್ಡಿಯಲ್ಲ, ಕ್ಯಾಪ್ ಮುಚ್ಚಿದರೆ ಕಾಣುವುದಿಲ್ಲ.

ಚಾರ್ಮಾಡಿ, ಶಿರಾಡಿ, ಆಗುಂಬೆ ಆಗಾಗ ಹತ್ತುವವರಿಗೆ ಎರಡೂ ಸರಿ, ಆದರೆ ಡಿಕ್ಕಿಯಲ್ಲಿ ಏನಿರಬೇಕು ಎನ್ನುವುದು ಬದಲಾಗುತ್ತದೆ. ಪಾಯಿಂಟ್ ಆದರೆ ಒಂದು ಹೊಸ ಸೆಟ್, ಫೀಲರ್ ಗೇಜ್, ಚಿಕ್ಕ ಸ್ಕ್ರೂ ಡ್ರೈವರ್, ಬಲ್ಬು. ಕಂಡೆನ್ಸರ್ ಮಾತ್ರ ಹೊಸದು ಬೇಡ. ಓಡುತ್ತಿದ್ದ ಕಾರಿನಿಂದ ತೆಗೆದ, ಸರಿಯಿದೆ ಎಂದು ಗೊತ್ತಿರುವ ಹಳೆಯದೇ ಇರಲಿ. ಎಲೆಕ್ಟ್ರಾನಿಕ್ ಆದರೆ ಕಿಟ್ ಹಾಕಿಸುವಾಗ ಬಿಚ್ಚಿದ ಹಳೇ ಪ್ಲೇಟನ್ನು ಪಾಯಿಂಟ್, ಕಂಡೆನ್ಸರ್ ಸಮೇತ, ಗ್ಯಾಪ್ ಸೆಟ್ ಮಾಡಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಡಿ. ಮಾಡ್ಯೂಲ್ ಕೈಕೊಟ್ಟ ದಿನ ಅದನ್ನು ಕೂರಿಸಿ, ತೆಳು ವೈರ್ ಕಾಯಿಲ್‌ಗೆ ಕೊಟ್ಟರೆ ಮನೆ ಮುಟ್ಟಬಹುದು. ಘಟ್ಟ ಹತ್ತುವ ಮೊದಲು ಮನೆಯಂಗಳದಲ್ಲಿ ಒಮ್ಮೆ ಅದನ್ನು ಬದಲಾಯಿಸಿ ಅಭ್ಯಾಸ ಮಾಡಿಕೊಳ್ಳಿ, ಯಾವ ಸ್ಕ್ರೂ ಎಲ್ಲಿ ಬೀಳುತ್ತದೆ ಎಂಬುದು ಆಗ ಗೊತ್ತಿರುತ್ತದೆ.